ಗಿಡ್ಡಿಯ ಜೊತೆ ಬಂದ ಬುಟ್ಟಿ

ನಾನೊಂದು ಮೇವಿನ ಬುಟ್ಟಿ. ಮೇದಾರ ಓಣಿಯ ಮುದುಕಿಯೊಬ್ಬಳು ಬಿದಿರು ಸೀಳಿ, ನೀರಲ್ಲಿ ನೆನೆಸಿ ನನ್ನನ್ನು ಹೆಣೆದಳು. ಸಂತೆಯಲ್ಲಿ ನನ್ನ ಅಂಚನ್ನು ಮೊಣಕಾಲಿಗೆ ಒತ್ತಿ ನೋಡಿ ಕೊಂಡವಳು ಗುರುಶಾಂತವ್ವ. ಯಾವುದನ್ನೂ ಮುಟ್ಟಿ ನೋಡದೆ ನಂಬುವವಳಲ್ಲ ಅವಳು.

ಅವಳ ಕೊಟ್ಟಿಗೆಯಲ್ಲಿ ಒಂದೇ ಆಕಳಿಗೆ ಹುಟ್ಟಿದ ಎರಡು ಮಣಕಗಳಿದ್ದವು. ಎರಡೂ ಗಬ್ಬ. ಹಿರಿಯದು ಎತ್ತರ, ನೀಳ ಕಾಲು, ನಿಂತರೆ ರಾಣಿಯ ಠೀವಿ. ಕಿರಿಯದು ಗಿಡ್ಡಿ. ಮೋಟು ಕಾಲು, ಅಗಲ ಬಾಯಿ, ಅಗಲ ಎದೆ, ಹೊಟ್ಟೆಯಂತೂ ಕಾಳು ತುಂಬುವ ಹಗೇವು. ಎತ್ತರದವಳು ನನ್ನನ್ನು ಬರಿದು ಮಾಡಿ ಗೋದಲಿಯನ್ನೂ ನೆಕ್ಕುತ್ತಿದ್ದಳು. ಆದರೂ ಅವಳ ಎಲುಬು ಎಣಿಸಬಹುದಿತ್ತು. ಗಿಡ್ಡಿ ಅರ್ಧ ತಿಂದು, ಮಲಗಿ ಮೆಲುಕು ಹಾಕುತ್ತಿದ್ದಳು. ಮೈ ಮಿರಮಿರ ಮಿಂಚುತ್ತಿತ್ತು.

ಮಗಳು ನಿಂಬೆವ್ವ ಬಾಣಂತನ ಮುಗಿಸಿ ಕೂಸಿನೊಂದಿಗೆ ಗಂಡನ ಮನೆಗೆ ಹೊರಡುವ ಕಾಲ ಬಂತು. ತೊಟ್ಟಿಲ ಜೊತೆ ಒಂದು ಆಕಳನ್ನೂ ಕೊಟ್ಟು ಕಳಿಸುವುದು ಆ ಮನೆತನದ ರೂಢಿ. ಬೀಗರು ನೋಡಿ ತಲೆದೂಗಬೇಕು, ಎತ್ತರದ್ದನ್ನೇ ಕೊಡೋಣ ಎಂದು ಗುರುಶಾಂತವ್ವನ ಗಂಡ ಈರಬಸಪ್ಪ ಹಟ ಹಿಡಿದ. ಬೀಗರ ಊರಲ್ಲಿ ಮೇವು ಕಡಿಮೆ ಎಂಬುದು ಗುರುಶಾಂತವ್ವನ ಚಿಂತೆ. ಅವಳು ಗಿಡ್ಡಿಯ ಪಕ್ಕೆಲುಬಿನ ಮೇಲೆ ಅಂಗೈ ಆಡಿಸುತ್ತ ನಿಂತಳು.

“ಅಷ್ಟೆತ್ತರದ ಮೈ ಹೊತ್ತು ನಿಲ್ಲಾಕನ ಅದರ ಅರ್ಧ ಮೇವು ಹೊಕ್ಕೈತ್ರಿ. ಇದು ತಿಂದದ್ದು ಕೆಚ್ಚಲಕ್ಕ ಇಳೀತೈತಿ. ಕೂಸಿಗೆ ಬೇಕಾದ್ದು ಹಾಲು, ಚಂದ ಅಲ್ಲ.”

“ಹಂಗಾರ ನಮಗ ಆ ಎತ್ತರದ್ದ ಉಳೀತೇನು?” ಎಂದ ಈರಬಸಪ್ಪ.

ಅವಳು ಗಿಡ್ಡಿಯ ಹಗ್ಗ ಬಿಚ್ಚಿದಳು. ಹೊತ್ತಿಗೊಂದು ಬುಟ್ಟಿ ಸಾಕು ಎಂದು ಮಗಳಿಗೆ ತಿಳಿಸಿ, ನನ್ನನ್ನೂ ಗಿಡ್ಡಿಯ ಜೊತೆ ಕಳಿಸಿದಳು.

ಬೀಗರ ಅಂಗಳದಲ್ಲಿ ನಿಂಬೆವ್ವನ ಅತ್ತೆ ಬಸಲಿಂಗವ್ವ ಗಿಡ್ಡಿಯನ್ನು ಒಂದು ಸುತ್ತು ಹಾಕಿ ಮೂಗು ಮುರಿದಳು.

“ಆಕಳ ಕಳಿಸ್ಯಾರೋ, ಆಡ ಕಳಿಸ್ಯಾರೋ?”

ಓಣಿಯೆಲ್ಲ ನಕ್ಕಿತು. ನಿಂಬೆವ್ವನ ಕಣ್ಣು ತುಂಬಿತು. ನನಗೂ ಸಿಟ್ಟು ಬಂತು. ಮನೆಯಲ್ಲಿದ್ದ ಒಳ್ಳೆಯದನ್ನೇ ಕೊಟ್ಟು ಗುರುಶಾಂತವ್ವ ಜಿಪುಣಿ ಎನಿಸಿಕೊಂಡಳು. ಆ ಮಾತು ಅವಳ ಕಿವಿಗೂ ಬಿತ್ತಂತೆ. ಅವಳು ಯಾರಿಗೂ ಸಮಜಾಯಿಷಿ ಕೊಡಲಿಲ್ಲ.

ಗಿಡ್ಡಿ ಈದಳು. ಬೇಸಿಗೆ ಬಂದು ಜೋಳದ ಕಣಿಕಿ ಬಣವೆ ಕರಗಿತು. ಬಸಲಿಂಗವ್ವನ ಕೊಟ್ಟಿಗೆಯಲ್ಲಿ ಮೊದಲೇ ಇದ್ದ ಎತ್ತರದ ಆಕಳು ಬುಟ್ಟಿ ಮೇಲೆ ಬುಟ್ಟಿ ಮುಗಿಸಿಯೂ ಹಾಲು ಬತ್ತಿಸಿತು. ಗಿಡ್ಡಿ ಮಾತ್ರ ಹೊತ್ತಿಗೊಂದೇ ಬುಟ್ಟಿ ತಿಂದು ಎರಡೂ ಹೊತ್ತು ತಂಬಿಗೆ ತುಂಬಿಸಿದಳು. ಕೂಸು ಗುಂಡಗಾಯಿತು. ಬಸಲಿಂಗವ್ವ ಹಿತ್ತಲ ಹಸಿಹುಲ್ಲನ್ನು ತಾನೇ ಕೊಯ್ದು ಗಿಡ್ಡಿಯ ಮುಂದೆ ಹಾಕತೊಡಗಿದಳು.

ಈಗ ನನ್ನ ಅಂಚು ಕಿತ್ತುಹೋಗಿದೆ. ಮೂಲೆಯಲ್ಲಿ ಬೋರಲು ಬಿದ್ದು ಕೋಳಿಮರಿಗಳನ್ನು ಕಾಯುತ್ತೇನೆ. ಗುರುಶಾಂತವ್ವ ತೀರಿಕೊಂಡು ಬಹಳ ವರ್ಷಗಳಾದವು. ಅಂಥ ಧಾರಾಳದ ಕೈಯನ್ನು ನಾನು ಇನ್ನೊಂದು ಕಾಣಲಿಲ್ಲ.

ಈ ಸಲ ಬಾಣಂತನ ಮುಗಿಸಿ ಹೊರಟವಳು ಬಸಲಿಂಗವ್ವನ ಮಗಳು. ಇವತ್ತು ಬೆಳಿಗ್ಗೆ ಬಸಲಿಂಗವ್ವ ಮಗಳಿಗೆ ಕೊಡುವ ಆಕಳನ್ನು ಆರಿಸಲು ಗಿಡ್ಡಿಯ ಸಂತಾನದ ನಡುವೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಸೊಸೆಯನ್ನು ಕರೆದಳು.

“ನಿಂಬೆವ್ವಾ, ನಿಮ್ಮವ್ವ ಎಲ್ಲಿ ಕೈ ಇಟ್ಟು ನೋಡತಿದ್ಲು? ನನಗೂ ತೋರಿಸವಾ.”

ನಿಂಬೆವ್ವ ಅತ್ತೆಯ ಅಂಗೈ ಹಿಡಿದು, ಒಂದು ಮಣಕದ ಪಕ್ಕೆಲುಬಿನ ಮೇಲೆ, ಅವ್ವ ಇಡುತ್ತಿದ್ದಲ್ಲೇ ಇಟ್ಟಳು.