ಕೈ ನೋಡಿ ಬರೆದ ಹೆಸರು

ಕೊಳೆತ ಸೊಪ್ಪು, ಸುಣ್ಣ, ಒದ್ದೆ ಮರ ಎಲ್ಲ ಬೆರೆತ ವಾಸನೆ ಅದು. ಬೇರೆ ಮಕ್ಕಳು ಮೂಗು ಮುಚ್ಚಿಕೊಂಡು ಓಡುತ್ತಿದ್ದ ಆ ಬಣ್ಣಗಾರರ ಬೀದಿಯಲ್ಲಿ ಟೀಚರಮ್ಮ ಮಾತ್ರ ಚಿಕ್ಕಂದಿನಿಂದಲೂ ಬೇಕೆಂದೇ ಹೆಜ್ಜೆ ನಿಧಾನ ಮಾಡುತ್ತಿದ್ದಳು. ನೀಲಿ ತೊಟ್ಟಿಯಿಂದ ಎತ್ತಿದ ಬಟ್ಟೆ ಮೊದಲು ಹಸಿರಾಗಿ ಕಾಣುತ್ತಿತ್ತು. ಗಾಳಿ ಸೋಕಿದಂತೆ ಕಣ್ಣೆದುರೇ ನೀಲಿಗೆ ತಿರುಗುತ್ತಿತ್ತು. ಮೂವತ್ತು ವರ್ಷ ಶಾಲೆಯಲ್ಲಿ ಅದರ ರಸಾಯನಶಾಸ್ತ್ರ ಹೇಳಿಕೊಟ್ಟ ಮೇಲೂ ಆ ಬೆರಗು ಇಳಿದಿರಲಿಲ್ಲ.

ನಿವೃತ್ತಿಯಾದ ಮೇಲೆ ಅವಳಿಗೆ ಒಂದೇ ಆಸೆ: ಬಟ್ಟೆಗೆ ನೀಲಿ ಹಾಕುವ, ಊರಲ್ಲಿ ಉಳಿದಿರುವ ಕೊನೆಯ ಬಣ್ಣದ ಮನೆಯನ್ನು ತಾನು ನಡೆಸಬೇಕು. ಅದರ ಯಜಮಾನನಿಗೆ ಎಂಬತ್ತು ದಾಟಿತ್ತು, ಮಕ್ಕಳಿರಲಿಲ್ಲ. ಆದರೂ ಅಸಲು ಬಣ್ಣಗಾರ ಮನೆತನದವರಿಗಲ್ಲದೆ ಬೀಗದ ಕೈ ಕೊಡುವುದಿಲ್ಲವೆಂದು ಹಟ ಹಿಡಿದಿದ್ದ. ತಾನೂ ಬಣ್ಣಗಾರರ ಪೈಕಿಯವಳೇ ಎಂದು ಅವಳು ಹೇಳಿದಾಗ ನಕ್ಕುಬಿಟ್ಟಿದ್ದ.

"ಇಲ್ಲಿ ಕಣ್ಣು ಮುಚ್ಚಿ ಕಲ್ಲು ಎಸೆದ್ರೂ ಒಬ್ಬ ಬಣ್ಣಗಾರನ ತಲೆ ಮೇಲೆ ಬೀಳುತ್ತೆ ಟೀಚರಮ್ಮ. ಅರ್ಧ ಜನಕ್ಕೆ ಬಣ್ಣಕ್ಕೂ ಶಾಯಿಗೂ ವ್ಯತ್ಯಾಸ ಗೊತ್ತಿಲ್ಲ. ದಾಖಲೆ ತನ್ನಿ, ಮಾತಾಡೋಣ."

ಹಳೆಯ ಕಡತಗಳ ಕೋಣೆಯಲ್ಲಿ ಅವಳು ಎಂಟು ದಿನ ಕೂತಳು. ಅಲ್ಲಿನ ಗುಮಾಸ್ತೆ ಎರಡನೆಯ ದಿನದಿಂದ ತನ್ನ ಕುರ್ಚಿಯ ದಿಂಬನ್ನು ಇವಳ ಕುರ್ಚಿಗೆ ಹಾಕಿಡುತ್ತಿದ್ದಳು, ಕೇಳದೆಯೇ. ಒಂಬತ್ತನೆಯ ದಿನ ಇನ್ನೂರು ವರ್ಷದ ಹಿಂದಿನ ಊರಪಟ್ಟಿ ಸಿಕ್ಕಿತು. ಅದು ಪ್ರವಾಹದ ವರ್ಷ. ಮನೆ ಕಳೆದುಕೊಂಡು ಬಂದವರಲ್ಲಿ ಕಸುಬಿಲ್ಲದವರನ್ನು ಊರಾಚೆ ಕಳಿಸಬೇಕೆಂಬ ಆಜ್ಞೆ ಮೊದಲ ಪುಟದಲ್ಲೇ ಇತ್ತು. ಪಟ್ಟಿ ಬರೆದವನು ಒಬ್ಬೊಬ್ಬರ ಕೈ ನೋಡಿ ಕಸುಬು ಬರೆದಿದ್ದ.

ಬಣ್ಣದ ಮನೆಯ ಹನ್ನೆರಡು ಜನರ ಮುಂದೆ, 'ಕೈ ನೀಲಿ, ಉಗುರೂ ನೀಲಿ.' ಅವರ ಕೆಳಗೆ, ಅದೇ ದಿನ, ಇನ್ನೂ ನಲವತ್ತಮೂರು ಜನ. ಟೀಚರಮ್ಮನ ಮನೆಯಲ್ಲಿ ತಮ್ಮ ವಂಶದ ಮೂಲವೆಂದು ಎಲ್ಲರೂ ನೆನೆಯುತ್ತಿದ್ದ ಒಕ್ಕಣ್ಣಜ್ಜಿ ಅಲ್ಲಿದ್ದಳು.

'ಒಕ್ಕಣ್ಣಿನ ಹೆಂಗಸು. ಕೈ ಹಸಿರು. ಮಗುವಿನ ಕೈಯೂ ಹಸಿರು. ಬರೆಯುವಷ್ಟರಲ್ಲಿ ನೀಲಿಯಾಯಿತು. ಬಣ್ಣಗಾರರು.'

ಟೀಚರಮ್ಮ ಆ ಸಾಲನ್ನು ಮತ್ತೊಮ್ಮೆ ಓದಿದಳು. ಹಸಿರು ಎಂದರೆ ಆಗಷ್ಟೇ ಅದ್ದಿ ತೆಗೆದ ಕೈ. ಬಣ್ಣದ ಮನೆಯವರು ನಲವತ್ತಮೂರು ಅಪರಿಚಿತರನ್ನು ತಮ್ಮ ತೊಟ್ಟಿಯ ಮುಂದೆ ಸಾಲಾಗಿ ನಿಲ್ಲಿಸಿ ಕೈ ಅದ್ದಿಸಿದ್ದರು. ಬರೆದವನಿಗೂ ಗೊತ್ತಾಗಿತ್ತು. ಗೊತ್ತಿದ್ದೂ ಬರೆದಿದ್ದ.

ಬೀಗದ ಕೈ ಇನ್ನು ಸಿಗುವುದಿಲ್ಲವೆಂದು ಅವಳಿಗೆ ಖಚಿತವಾಯಿತು. ಆದರೂ ಇದನ್ನು ಬಚ್ಚಿಡಲು ಮನಸ್ಸು ಬರಲಿಲ್ಲ. ಮಧ್ಯಾಹ್ನ ತೊಟ್ಟಿಯ ಪಕ್ಕ ಕೂತು, ಒಂದಕ್ಷರ ಬಿಡದೆ ಮುದುಕನಿಗೆ ಓದಿ ಹೇಳಿದಳು.

"ಹಾಗಾಗಿ ನಾವು ಅಸಲು ಅಲ್ಲ ಅಣ್ಣಾ. ಕೈ ಅದ್ದಿದವರು, ಅಷ್ಟೇ."

ಮುದುಕ ತೊಟ್ಟಿಯ ಅಂಚಿಗೆ ಕೈ ಊರಿದ.

"ನಮ್ಮೋರು ಹೀಗೆ ಮಾಡಿದ್ರು ಅಂತ ನಮ್ಮಪ್ಪ ಹೇಳೇ ಇಲ್ವಲ್ಲ. ಅವನಿಗೂ ಯಾರೂ ಹೇಳಿರಲ್ಲ," ಎಂದ. "ಮಗುವಿಂದು ಇನ್ನೊಂದ್ಸಲ ಓದಮ್ಮ."

ಅವಳು ಓದಿದಳು. ಮುದುಕ ಕಣ್ಣೊರೆಸಿಕೊಂಡು, ನಾಳೆ ಬೆಳಿಗ್ಗೆ ಆರಕ್ಕೆ ಹಳೇ ಬಟ್ಟೆ ಹಾಕಿಕೊಂಡು ಬರಬೇಕು, ತಡ ಮಾಡಿದರೆ ತೊಟ್ಟಿ ಕಾಯುವುದಿಲ್ಲ ಎಂದು ಗೊಣಗಿದ. ಆಮೇಲೆ ಬುತ್ತಿಯ ಮುಚ್ಚಳ ತೆಗೆದು, ಆ ಮುಚ್ಚಳಕ್ಕೇ ಅರ್ಧ ಅನ್ನ ಬಡಿಸಿ, ಎರಡೂ ನೀಲಿ ಕೈಗಳಲ್ಲಿ ಹಿಡಿದು ಅವಳಿಗೆ ಕೊಟ್ಟ.