ಹಿತ್ತಾಳೆ ಎಂಜಿನ್ನಿಗೆ ಮರದ ಕಣ್ಣೀರು

ಏಳು ಹಳ್ಳದಾಚೆ ಒಬ್ಬ ರಾಜ ಇದ್ದನಂತೆ. ಅವನ ಕುದುರೆ ಸತ್ತಾಗ ಕಂಚುಗಾರ ಹಿತ್ತಾಳೆಯದೊಂದು ಕುದುರೆ ಮಾಡಿದನಂತೆ. ಮೈ ಆಯಿತು, ಬಾಲ ಆಯಿತು, ಕಾಲು ಮಾತ್ರ ಕೂಡಲೊಲ್ಲದು. ಹಾವಿನ ವಿಷ ಹಚ್ಚಲೋ, ಸಮುದ್ರದ ಉಪ್ಪು ಹಚ್ಚಲೋ, ಮರದ ಕಣ್ಣೀರು ಹಚ್ಚಲೋ? ಅಜ್ಜಿ ಪಾರ್ವತಿಬಾಯಿ ಇಲ್ಲಿಗೆ ಬರುವಷ್ಟರಲ್ಲಿ, ಹೂಂಗುಟ್ಟಬೇಕಾದ ಸುವರ್ಣಾ ನಿದ್ದೆ ಹೋಗಿರುತ್ತಿದ್ದಳು. ಹೂಂ ಇಲ್ಲದೆ ಕತೆ ನಡೆಯದು. ಕಂಚುಗಾರ ಏನು ಹಚ್ಚಿದನೋ, ಅಜ್ಜಿ ಅದನ್ನು ತನ್ನ ಜೊತೆಗೇ ಒಯ್ದಳು.

ಈಗ ಸುವರ್ಣಾ ಸೊಲ್ಲಾಪುರದಲ್ಲಿ ಕಾರಕೂನಳು. ಬಾಡಿಗೆ ಕೋಣೆ, ಒಂದೇ ಕುರ್ಚಿ. ಕಚೇರಿಯಲ್ಲಿ ದಿನವಿಡೀ ಮರಾಠಿ. ಶನಿವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರದವರೆಗೆ ತನ್ನ ದನಿ ತನಗೇ ಕೇಳಿಸದು. ಕಿಟಕಿಯ ಬಳಿ ಹಿತ್ತಾಳೆಯ ಎಂಜಿನ್ನೊಂದು ಅರ್ಧಕ್ಕೆ ನಿಂತಿತ್ತು.

ಅದು ಅಕ್ಕಲಕೋಟೆಯ ಬಸಯ್ಯ ದೊಡ್ಡಪ್ಪನದು. ಮೂವತ್ತು ವರ್ಷ ಉಗಿಬಂಡಿ ಓಡಿಸಿದವನು. ನಿವೃತ್ತಿಯ ದಿನ ಸಾಹೇಬರು ಕೊಟ್ಟ ಪೆಟ್ಟಿಗೆಯಲ್ಲಿ ಹಪ್ಪಳದಂಥ ತಗಡುಗಳು. ಮಡಿಚಿ ಬೆಸೆದರೆ ಅವನದೇ ಎಂಜಿನ್ನು, ಅಂಗೈ ಮೇಲೆ ಕೂಡುವಷ್ಟು. ಬೆಸೆಯುವ ಮೊದಲೇ ಅವನ ಕಣ್ಣು ಹೋದವು.

“ನೀ ನೋಡಿ ಕಟ್ಟು. ನಾ ಕೈಲೆ ನೋಡ್ತೀನಿ” ಎಂದಿದ್ದ.

“ಯುಗಾದಿಗಿ ತರ್ತೀನಿ” ಎಂದಿದ್ದಳು. ಒಂದು ಯುಗಾದಿ ಹೋಯಿತು. ೧೯೯೬ರದಕ್ಕೆ ಇನ್ನು ಎಂಟೇ ದಿನ. ಹೊಗೆಯ ಚಿಮಣಿಯೊಂದು ಬಾಕಿ. ಬೆಸುಗೆ ಪಾದರಸದಂತೆ ಉಂಡೆಯಾಗಿ ಉರುಳಿಬೀಳುತ್ತಿತ್ತು.

“ನಿನ್ನ ಗಾಡಿ ಇನ್ನಾ ಟೇಶನ್ ಬಿಟ್ಟಿಲ್ಲೇನವ್ವಾ?” ಎಂದ ರೇಡಿಯೊ ರಿಪೇರಿಯ ಧೂಳಪ್ಪ, ಚಿಮಣಿ ಹಿಡಿದು ಅಂಗಡಿಗೆ ಬಂದವಳನ್ನು ನೋಡಿ.

“ರಾಳ ಹಚ್ಚಿದ್ರೂ ಬೆಸುಗಿ ಹಿಡೀವಲ್ದು ಕಾಕಾ. ಬ್ಯಾರೆ ಏನರ ಕೊಡ್ರಿ.”

“ಆಸಿಡ್ ಐತಿ, ಗಪ್ಪನ ಹಿಡೀತೈತಿ. ತೊಳೀಲಿಲ್ಲಂದ್ರ ತಿಂಗಳದಾಗ ಹಸರ ಆಗಿ ಹಿತ್ತಾಳಿನ ತಿಂತೈತಿ. ನವಸಾಗರ ಅಂದ್ರ ಉಪ್ಪು, ಅದೂ ಹಂಗ.”

“ಬಾಯ್ಲರ್ ಮುಚ್ಚೀನ್ರಿ. ಒಳಗ ಹೆಂಗ ತೊಳೀಲಿ?”

“ಮತ್ತ ರಾಳನ ಖರೆ. ಮರದ ಅಂಟು, ಕಚ್ಚಂಗಿಲ್ಲ.”

ವಿಷ, ಉಪ್ಪು, ಮರದ ಕಣ್ಣೀರು. ಸುವರ್ಣಾಳ ಬಾಯಿ ತಾನಾಗಿಯೇ “ಹೂಂ” ಅಂದಿತು.

ಧೂಳಪ್ಪ ಚಿಮಣಿಯ ಮೇಲೆ ಹೆಬ್ಬೆರಳು ಒರೆಸಿದ. ಬೆರಳು ಬೆಳ್ಳಗಾಯಿತು.

“ಏನಿದು?”

“ಹುಣಸಿಹಣ್ಣಿಲೆ ತಿಕ್ಕಿ ವಿಭೂತಿ ಹಚ್ಚಿ ಒರಸ್ತೀನ್ರಿ. ಮನ್ಯಾಗ ದೇವರ ಸಾಮಾನು ಹಂಗ ತಿಕ್ತಿದ್ವಿ.”

“ಇದೇನು ಎಂಜಿನ್ನೋ, ಮಠದ ಸ್ವಾಮಿಗೋಳೋ? ಬೂದಿ ಮ್ಯಾಲ ಬೆಸುಗಿ ಹೆಂಗ ನಿಂದ್ರಬೇಕು!”

ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ.

ಆ ಭಾನುವಾರ ಚಿಮಣಿಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ತೊಳೆದು, ಒಣಗಿಸಿದಳು. ವಿಭೂತಿ ಮುಟ್ಟಲಿಲ್ಲ. ಸ್ಪಿರಿಟ್ಟಿನಲ್ಲಿ ಕರಗಿಸಿದ ರಾಳವನ್ನು ಕುಂಚದಿಂದ ಸವರಿ ಕಾದ ಬೆಸುಗೆ ಐರನ್ ತಾಗಿಸಿದಳು. ಕೋಣೆ ತುಂಬ ಕಾಡಿನ ವಾಸನೆ. ಬೆಸುಗೆ, ಹೊಲದ ಸಾಲಿಗೆ ಹರಿದ ನೀರಿನಂತೆ, ಚಿಮಣಿಯ ಬುಡವನ್ನು ಸುತ್ತಿ ಬಂತು.

“ನೋಡಿಲ್ಲಿ!” ಎಂದು ತಿರುಗಿದಳು. ಕುರ್ಚಿಯ ಮೇಲೆ ನಿನ್ನೆಯ ಸೀರೆ.

ಯುಗಾದಿಯ ದಿನ ಅಕ್ಕಲಕೋಟೆಯಲ್ಲಿ ಎಂಜಿನ್ನನ್ನು ದೊಡ್ಡಪ್ಪನ ಕೈಗಿಟ್ಟಳು. ಅವನ ಬೆರಳು ಗಾಲಿ ದಾಟಿದವು, ಬಾಯ್ಲರ್ ದಾಟಿದವು, ಚಿಮಣಿ ಹಿಡಿದು ಜೋರಾಗಿ ಜಗ್ಗಿದವು.

ಚಿಮಣಿ ಅಲುಗಲಿಲ್ಲ.

“ಹೂಂ” ಅಂದ ದೊಡ್ಡಪ್ಪ.