ತೊಟ್ಟಿಲಲ್ಲಿ ಹೊರಟ ಸವತಿ

"ಅತ್ತಿಗೆ, ಬೇಡ! ಅಣ್ಣ ಜೀವ ಇಟ್ಕೊಂಡಿದ್ದ ಗಿಡ ಅದು!"

ನಾದಿನಿ ಕೈ ಹಿಡಿಯುವಷ್ಟರಲ್ಲಿ ಕತ್ತರಿ ಇನ್ನೊಂದು ಕೊಂಬೆಯನ್ನು ಕತ್ತರಿಸಿಯಾಗಿತ್ತು. ದಪ್ಪ ಎಲೆಗಳಿಂದ ನೀರು ಜಿನುಗಿ ಕುಂಡವಿದ್ದ ಮೆಟ್ಟಿಲಿನ ತಿರುವಿಗೆಲ್ಲ ಪುದೀನದ ವಾಸನೆ ಹರಡಿತು.

"ಅದಕ್ಕೇ ಕತ್ತರಿಸ್ತಿರೋದು ಕಣೇ. ತಾವು ಹೋಗಿ, ಸವತೀನ ನನ್ನ ಕೊರಳಿಗೆ ಕಟ್ಟೋದಾ? ಜೊತೇಲೇ ಕರ್ಕೊಂಡು ಹೋಗ್ಲಿ!"

ಅಳಬೇಕಾದ ಹೊತ್ತಿನಲ್ಲಿ ಬೈಯುವುದು ಅವಳ ಹುಟ್ಟುಗುಣ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ, ಗಂಡ ಸತ್ತ ಮಾತ್ರಕ್ಕೆ ಹೋದೀತೇ? ಬಂದವರ ಚಹಾಕ್ಕೆಂದು ಇಟ್ಟಿದ್ದ ಕುದಿನೀರನ್ನು ತಂದು ಕುಂಡದ ಬುಡಕ್ಕೆ ಸುರಿದೇಬಿಟ್ಟಳು. "ನಾಳೆ ಚಿಗುರಿದ್ರೆ ಅದರ ಮುಖ ನೋಡ್ತಾ ನಾನು ಹೇಗೆ ಇರ್ಲಿ, ಹೇಳು?" ಎಂದಳು. ಕೊಂಬೆಗಳೆಲ್ಲ ಶವದ ಎದೆಯ ಮೇಲೆ ಹೋದವು, ಪೆಟ್ಟಿಗೆಯ ಮುಚ್ಚಳ ಬಿತ್ತು.

ಆ ಊರಿನಲ್ಲಿ ರೋಪ್‌ವೇ ಡಬ್ಬಿಗೆ ತೊಟ್ಟಿಲು ಎನ್ನುತ್ತಾರೆ. ಆಯುಷ್ಯವಿಡೀ ಅದನ್ನು ಓಡಿಸಿದ್ದರಿಂದ ಸತ್ತವನು ಎಲ್ಲರಿಗೂ ತೊಟ್ಟಿಲಜ್ಜ. "ಮನೇಲಿ ತೊಟ್ಟಿಲು ಕಟ್ಟೋ ಯೋಗ ಬರ್ಲಿಲ್ಲ, ಊರಿಗೆಲ್ಲ ತೂಗಿದ್ದೇ ಬಂತು" ಎಂದು ಹೆಂಡತಿ ಚುಚ್ಚಿದರೆ, "ಈ ಗಿಡ ಇಲ್ವೇನೇ, ನಮ್ಮ ಮಗು?" ಎನ್ನುತ್ತಿದ್ದ. "ಮಗುವಂತೆ ಮಗು! ಸವತಿ ಅದು!" ಎಂದು ಅವಳು ಪಾತ್ರೆ ಕುಕ್ಕುತ್ತಿದ್ದಳು.

ಗುಡ್ಡದ ಊರಿನಲ್ಲಿ ಒಂದಿಷ್ಟು ಸಮತಟ್ಟು ನೆಲವಿದ್ದದ್ದು ಮೇಲಿನ ನಿಲ್ದಾಣದ ಆಚೆ ಮಾತ್ರ, ಸ್ಮಶಾನವೂ ಅಲ್ಲೇ. ಹೊರುವವರು ಮೊದಲೇ ಹೋಗಿ ಕಾಯುತ್ತಿದ್ದರು. ಪೆಟ್ಟಿಗೆಯ ಜೊತೆಗೆ ಅತ್ತಿಗೆ ನಾದಿನಿ ಇಬ್ಬರೇ ಹತ್ತಿದರು. ಕೆಳಗೆ ಯಂತ್ರದ ಕೋಣೆಯಲ್ಲಿ ತೊಟ್ಟಿಲಜ್ಜನ ಶಿಷ್ಯ ಮೋಟ ಕಣ್ಣೊರೆಸಿಕೊಂಡು ಗುಂಡಿ ಒತ್ತಿದ.

*

ಮದುವೆಯಾದ ಹೊಸತರಲ್ಲಿ ಅವಳು ಮೊದಲ ಸಲ ತೊಟ್ಟಿಲು ಹತ್ತಿದಾಗ ಕಣ್ಣು ಮುಚ್ಚಿ ಗಂಡನ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದಳು. ಅರ್ಧ ದಾರಿಯಲ್ಲಿ ಅವನು ಒಳಗಿನ ಫೋನೆತ್ತಿ, "ಬಾಗಿಲು ಸರಿ ಕೂತಿಲ್ಲ, ಸ್ವಲ್ಪ ನಿಲ್ಸಿ" ಎಂದು ಹಸಿಸುಳ್ಳು ಹೇಳಿದ. ತೊಟ್ಟಿಲು ನಿಂತಿತು.

"ಕಣ್ಣು ಬಿಡು. ಕೆಳಗೆ ನೋಡು."

ಬೋಳು ಬಂಡೆಯ ಬಿರುಕಿನಲ್ಲಿ ಒಂದು ಪೊದೆ, ಮೈತುಂಬ ನೇರಳೆ ಹೂ.

"ದೊಡ್ಡಪತ್ರೆ ತರ ಇದೆ."

"ಅದರ ದಾಯಾದಿ ಇರ್ಬೇಕು. ಬೇರೆಲ್ಲೂ ಕಂಡಿಲ್ಲ ನಾನು. ನಿಂಗೆ ತೋರಿಸ್ಬೇಕು ಅಂತಾನೇ ನಿಲ್ಲಿಸ್ದೆ."

ಆ ಸುಳ್ಳಿಗೆ ಮೇಲಿನವರಿಂದ ಚೆನ್ನಾಗಿ ಮಂಗಳಾರತಿಯಾಯಿತು. ಮತ್ತೆಂದೂ ಅವನು ತೊಟ್ಟಿಲನ್ನು ನಡುವೆ ನಿಲ್ಲಿಸಲಿಲ್ಲ. ವರ್ಷಗಳ ಮೇಲೆ ರೋಪ್‌ವೇಗೆ ಹೊಸ ಕಂಬ ನಿಲ್ಲಿಸಲು ಆ ಬಂಡೆಯನ್ನು ಸಿಡಿಸಿದರು. ಅಂದು ಅವನು ಊಟದ ಡಬ್ಬಿಯಲ್ಲಿ ಒಂದು ಮುರುಕು ಕೊಂಬೆ ತಂದು ಕುಂಡದಲ್ಲಿ ನೆಟ್ಟ.

*

"ನಿಲ್ಸಿ! ತೊಟ್ಟಿಲು ನಿಲ್ಸಿ!"

ಯಂತ್ರದ ಕೋಣೆಗೆ ನುಗ್ಗಿದವರು ಕಾಲೇಜಿನ ಸಸ್ಯಶಾಸ್ತ್ರದ ಮೇಡಂ. ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ.

"ಏನ್ ಮೇಡಂ, ಹೆಣ ಹೋಗ್ತಿದೆ!" ಎಂದ ಮೋಟ.

"ಗೊತ್ತಪ್ಪಾ! ಮನೆಗೆ ಹೋಗಿದ್ದೆ. ಬುಡ ಬೆಂದುಹೋಗಿದೆ! ಗುಡ್ಡ ಪೂರ್ತಿ ಹುಡುಕಿಸಿದ್ದೀನಿ, ಆ ಜಾತಿಯ ಗಿಡ ಇನ್ನೊಂದಿಲ್ಲ. ಇರೋದೆಲ್ಲ ಆ ಪೆಟ್ಟಿಗೇಲಿ!"

"ಅಂದ್ರೆ ಮುಗೀತಾ?"

"ಇಲ್ಲ ಮಾರಾಯಾ! ಆ ಎಲೆ, ಕಾಂಡ ಎಲ್ಲ ನೀರು ತುಂಬ್ಕೊಂಡಿರುತ್ತೆ. ಕತ್ತರಿಸಿದ್ರೂ ಸಾಯಲ್ಲ, ಮಣ್ಣಿಗೆ ಚುಚ್ಚಿದ್ರೆ ಬೇರು ಬಿಡುತ್ತೆ. ಹೂತರೆ ಮಾತ್ರ ಮುಗೀತು!"

ಮೋಟ ಗಬಕ್ಕನೆ ತೊಟ್ಟಿಲಿಗೆ ಫೋನು ಮಾಡಿ ವಿಷಯ ಹೇಳಿದ.

"ಯಾರೋ ಅದು ಮೇಡಂ?" ಅತ್ತಿಗೆಯ ದನಿ ಗುಡುಗಿತು.

ಮೇಡಂ ಫೋನ್ ಕಿತ್ತುಕೊಂಡರು. "ಅಮ್ಮಾ, ಹೋದ ತಿಂಗಳು ಅವರು ನಂಗೆ ಒಂದೆಲೆ ತಂದು ಕೊಟ್ಟಿದ್ರು. ಇದರ ವಂಶ ಉಳಿಸಿ ಅಂತ ಕೇಳ್ಕೊಂಡ್ರು. ಬರೀ ಎಲೆಯಿಂದ ಆಗಲ್ಲಮ್ಮಾ, ಕೊಂಬೆ ಬೇಕು."

"ಡಾಕ್ಟರ ಹತ್ರ ಹೋಗ್ತೀನಿ ಅಂತ ನನ್ನ ಹತ್ರ ಸುಳ್ಳು ಹೇಳಿ ನಿಮ್ಮ ಹತ್ರ ಬಂದಿದ್ರಾ? ಸುಳ್ಳುಬುರುಕ! ಈಗೇನು, ಸತ್ತೋರ ಎದೆ ಮೇಲಿಂದ ಕಸ್ಕೋಬೇಕಾ? ನನ್ನ ಕೈಲಿ ಆಗಲ್ಲ."

ಫೋನು ಕುಕ್ಕಿದ ಸದ್ದು ಕೇಳಿಸಿತು.

ಮೋಟ ಕಿಟಕಿಯಿಂದ ಮೇಲೆ ನೋಡಿದ. ತೊಟ್ಟಿಲು ಹೊಸ ಕಂಬವನ್ನು ಸಮೀಪಿಸುತ್ತಿತ್ತು. ಆ ಜಾಗದ ಕತೆಯನ್ನು ಗುರುವಿನ ಬಾಯಲ್ಲಿ ಅವನು ಎಷ್ಟು ಸಲ ಕೇಳಿದ್ದನೋ. "ಗುರುವೇ, ಕೆಲಸ ಹೋದ್ರೆ ನಿಮ್ಮದೇ ಹೊಣೆ" ಎಂದು ಕೆಂಪು ಗುಂಡಿ ಒತ್ತಿಬಿಟ್ಟ.

*

ತೊಟ್ಟಿಲು ಜೋಲಿ ಹೊಡೆದು ನಿಂತಿತು.

"ಅಯ್ಯಯ್ಯೋ, ಕೆಟ್ವಿ!" ನಾದಿನಿ ಪೆಟ್ಟಿಗೆಯನ್ನೇ ತಬ್ಬಿಕೊಂಡಳು.

ಫೋನು ಬಡಿದುಕೊಳ್ಳುತ್ತಿತ್ತು. ಅತ್ತಿಗೆ ಎತ್ತಿದಳು.

"ಕೆಳಗೆ ನೋಡಕ್ಕಾ," ಎಂದ ಮೋಟ. ಅಷ್ಟೇ.

ಅವಳು ನೋಡಿದಳು. ಕೆಳಗೆ ಬರೀ ಸಿಮೆಂಟು, ಅದರ ಮೇಲೆ ಕಂಬ. ಬಂಡೆಯಿಲ್ಲ, ಬಿರುಕಿಲ್ಲ. ಬೆಳಗಿನಿಂದ ಬೈದೂ ಬೈದೂ ತಡೆದಿಟ್ಟಿದ್ದ ಅಳು ಒಮ್ಮೆಲೇ ಉಕ್ಕಿ ಬಂತು. ಅದರ ಬೆನ್ನಿಗೇ ನಗುವೂ ಬಂತು.

"ಇಲ್ಲೇ ಕಣೇ. ನಿಮ್ಮಣ್ಣ ಇಲ್ಲೇ ನಿಲ್ಲಿಸಿದ್ದು. ನಂಗೋಸ್ಕರ ನಿಲ್ಲಿಸಿದ್ದು!" ಕೆನ್ನೆ ಒರೆಸಿಕೊಂಡಳು. "ಮುಚ್ಚಳ ಹಿಡಿ."

"ಅತ್ತಿಗೆ, ಅಲ್ಲಾಡುತ್ತೆ!"

"ಅಲ್ಲಾಡ್ಲಿ ಬಿಡು. ಜೀವಮಾನ ತೂಗಿದೋರು, ಈಗ ಹೆದರ್ತಾರಾ?"

ಮುಚ್ಚಳ ಸರಿಯುತ್ತಲೇ ಪುದೀನದ ವಾಸನೆ ಒಳಗೆಲ್ಲ ತುಂಬಿತು. ಒಂದು ಎಲೆಯೂ ಬಾಡಿರಲಿಲ್ಲ. ಅವಳು ಒಂದೊಂದೇ ಕೊಂಬೆಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಕೊನೆಯದನ್ನು ಮಾತ್ರ ಅವನ ಅಂಗೈಯಡಿಗೆ ತಳ್ಳಿ, "ಇದು ನಿಮಗೆ. ಇನ್ನೂ ಬೇಕು ಅಂತ ಹಟ ಮಾಡ್ಬೇಡಿ" ಎಂದಳು.

ಕೆಳಗೆ ಮೇಡಂ ಒಂಟಿ ಚಪ್ಪಲಿಯಲ್ಲೇ ಅಂಗಳಕ್ಕೆ ಓಡಿ ಹಣೆಗೆ ಕೈಯಡ್ಡ ಹಿಡಿದು ನೋಡುತ್ತಿದ್ದರು. ಫೋನಿನಲ್ಲಿ ಅತ್ತಿಗೆಯ ದನಿ ಬಂತು: "ಹೂಂ, ಹೊರಡ್ಲಿ ಕಣೋ. ನಿಧಾನ, ಮಡಿಲಲ್ಲಿ ಮಗು ಇದೆ."

ಮೋಟ ಗುಂಡಿ ಒತ್ತಿದ. ತೊಟ್ಟಿಲು ಮೆಲ್ಲಗೆ ತೂಗುತ್ತ ಮೇಲೇರತೊಡಗಿತು.